ಹುರುಳಿ ಹಾಸಿದ ರಸ್ತೆಯಲ್ಲಿ

ಲಲಿತಾ, ಆ ದಿನ ಬ್ರೇಕ್ ಒತ್ತಿದ್ದು ನೀನಲ್ಲ. ಯಾರೂ ಒತ್ತಲೇ ಇಲ್ಲ. ನಾನು ಸ್ಟೀರಿಂಗಿಗೆ ಕೈ ಹಾಕಿ ಎಳೆದೆ — ಹನುಮಂತಪ್ಪನವರ ಕಾಲು ಮುರಿದದ್ದು ಅದರಿಂದ. ಆಮೇಲೂ ಹತ್ತು ವರ್ಷ ನೀನು ಹೆಂಡತಿಯಾಗಿ ಪಕ್ಕದಲ್ಲೇ ಇದ್ದಾಗ ಹೇಳದವನು, ನೀನು ತೀರಿಹೋಗಿ ವರ್ಷವಾದ ಮೇಲೆ, ಖಾಲಿ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾಲ್ಕು ಮಗ್ಗದ ದುಡಿಮೆಯಲ್ಲಿ ಹಳೆಯದೊಂದು ಕಾರು ಕೊಂಡಿದ್ದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕಾರು ಕಲಿಯಲು ಹೊರಟ ಹೆಂಗಸು ನೀನೊಬ್ಬಳೇ. ನಾನು ದೊಡ್ಡ ಗುರುವಿನ ಗತ್ತಿನಲ್ಲಿ ಪಕ್ಕದಲ್ಲಿ ಕೂತು, ಗೇರ್ ಕಿರ್ರೆಂದಾಗಲೆಲ್ಲ ಬೈಯುತ್ತಿದ್ದೆ. ನಿನ್ನ ಕೈ ನನ್ನದಕ್ಕಿಂತ ಚೆನ್ನಾಗಿತ್ತು — ಅದೂ ನನಗೆ ಗೊತ್ತಿತ್ತು.

ಸುಗ್ಗಿಯಲ್ಲಿ ಮಾಕಳಿದುರ್ಗದ ಕಡೆ ರೈತರು ರಸ್ತೆಗೇ ಹುರುಳಿ ಗಿಡ ಹಾಸುತ್ತಾರೆ, ಬಸ್ಸು ಗಾಡಿ ಹರಿದು ಕಾಳು ಉದುರಲಿ ಎಂದು. ಅದರ ಮೇಲೆ ಚಕ್ರಕ್ಕೆ ಹಿಡಿತವೇ ಸಿಗದು. "ಹುರುಳಿ ಕಂಡ್ರೆ ಮೊದ್ಲೇ ಸ್ಪೀಡ್ ಇಳಿಸು. ಹತ್ತಿದ್ಮೇಲೆ ಬ್ರೇಕ್ ಒತ್ಬೇಡ, ಸ್ಟೀರಿಂಗ್ ತಿರುಗಿಸ್ಬೇಡ" ಎಂದು ಪಾಠ ಹೇಳಿದವನು ನಾನೇ.

ಆ ದಿನ ನೀನು ಹಾಗೇ ಮಾಡಿದೆ. ರಸ್ತೆಯ ಎಡಬದಿಯಲ್ಲಿ ಮುದುಕರು, ಹನುಮಂತಪ್ಪನವರು, ಬಗ್ಗಿ ಗಿಡ ಮಗುಚುತ್ತಿದ್ದರು. ನೀನು ಹಾರ್ನ್ ಮಾಡಿ, ವೇಗ ಇಳಿಸಿ, ನೆಟ್ಟಗೆ ಹೊರಟೆ; ನಡುವೆ ಒಂದು ಮಾರು ಜಾಗವಿತ್ತು. ನಾನು ಕೂತಿದ್ದೂ ಎಡಕ್ಕೇ. ಅವರು ಚಕ್ರದಡಿಗೇ ಬಂದಂತೆ ಕಂಡು — ಜೀವ ಬಾಯಿಗೆ ಬಂದು — ಸ್ಟೀರಿಂಗನ್ನು ಬಲಕ್ಕೆ ಎಳೆದುಬಿಟ್ಟೆ. ಕಾರಿನ ಹಿಂಭಾಗ ಎಡಕ್ಕೆ ಜಾರಿ ಅವರಿಗೆ ಬಡಿಯಿತು.

"ಏನಪ್ಪಾ, ಹೆಂಗಾಯ್ತು ಇದು?" ಪಕ್ಕದ ಹೊಲದಿಂದ ಓಡಿಬಂದ ಅವರ ಮಗ ನನ್ನ ಕಾಲರ್ ಹಿಡಿದ.

"ಇವಳು ಗಾಬರಿಬಿದ್ದು ಬ್ರೇಕ್ ಒತ್ಬಿಟ್ಲು ಕಣಪ್ಪಾ. ಹೆಂಗಸು, ಈಗಿನ್ನೂ ಕಲೀತಿದ್ದಾಳೆ."

ಅವನ ಕೈ ಸಡಿಲವಾಯಿತು. ನೀನು ಆ ಹಿರಿಯರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು "ತಪ್ಪಾಯ್ತು ಯಜಮಾನ್ರೇ" ಎಂದು ಅಳುತ್ತಿದ್ದೆ.

ಮನೆಗೆ ಬಂದ ಮೇಲೆ ನೀನು ಕೇಳಿದ್ದು ನಿಜ — ಸ್ಟೀರಿಂಗ್ ಯಾಕ್ರೀ ಎಳೆದ್ರಿ ಎಂದು. ನೀನು ಬ್ರೇಕ್ ಒತ್ತಿ ಕಾರು ಆಗಲೇ ಜಾರಿತ್ತು, ಉಳಿಸಲು ಎಳೆದೆ ಎಂದು ನಾನಂದೆ. ನೀನು ನಂಬಿದೆ. ಮತ್ತೆಂದೂ ಸ್ಟೀರಿಂಗ್ ಮುಟ್ಟಲಿಲ್ಲ. ನೆಂಟರ ಮುಂದೆ ನಾನು "ಬ್ರೇಕ್ ಲಲಿತಮ್ಮ" ಎಂದು ಗೇಲಿ ಮಾಡಿದಾಗ ನೀನೂ ನಕ್ಕೆ. ಅಯ್ಯೋ, ಯಾಕಾದರೂ ನಕ್ಕೆಯೋ. ಕುಂಟುತ್ತಲೇ ಉಳಿದ ಹನುಮಂತಪ್ಪನವರನ್ನು ನೋಡಲು ನೀನು ವರ್ಷವರ್ಷವೂ ಬಸ್ಸು ಹತ್ತಿ ಒಬ್ಬಳೇ ಹೋಗುತ್ತಿದ್ದೆ. ನಾನು ಒಮ್ಮೆಯೂ ಜೊತೆಗೆ ಬರಲಿಲ್ಲ.

ಕಾಯಿಲೆ ಬಿದ್ದು ಮಲಗಿದ್ದ ಒಂದು ಮಧ್ಯಾಹ್ನ ನೀನು ನನ್ನನ್ನು ಹತ್ತಿರ ಕರೆದೆ.

"ರೀ, ನಾನು ನಿಜವಾಗ್ಲೂ ಬ್ರೇಕ್ ಒತ್ತಿದ್ನಾ? ನಂಗೆ ಒತ್ತಿದ್ ನೆನಪೇ ಇಲ್ಲ."

ಮನೆಯಲ್ಲಿ ನಾವಿಬ್ಬರೇ. ಹೆದರಲು ಯಾರಿದ್ದರು? ಆದರೂ — "ಒತ್ತಿದ್ದೆ ಕಣೇ" ಎಂದೆ.

"ಹಂಗಾದ್ರೆ ನಾನ್ ಹೋದ್ಮೇಲೆ ನನ್ನ ಪರವಾಗಿ ಇನ್ನೊಂದ್ಸಲ ಅವ್ರ ಹತ್ರ ಕ್ಷಮೆ ಕೇಳ್ಬಿಡಿ" ಎಂದೆ ನೀನು.

ಹನುಮಂತಪ್ಪನವರು ಇನ್ನೂ ಇದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ, ಅವರ ಮಗನ ಎದುರೇ ಕೇಳುತ್ತೇನೆ. ನಿನ್ನ ಪರವಾಗಿ ಕೇಳಲಾರೆ, ಲಲಿತಾ. ನೀನು ಏನೂ ಮಾಡಿರಲಿಲ್ಲ.