ನಲವತ್ತನೆಯ ಮನೆ

ಮಾರಿಕಣಿವೆಯ ಅಣೆಕಟ್ಟೆ ಇನ್ನೂ ಏಳುತ್ತಿದ್ದ ಕಾಲದಲ್ಲಿ ನಾನು ದುರ್ಗದ ಹೈಸ್ಕೂಲಿನ ಕೆಳಗಿನ ತರಗತಿಗಳಿಗೆ ಲೆಕ್ಕದ ಮೇಷ್ಟ್ರಾಗಿದ್ದೆ. ಮಾರ್ಕು ಕೊಡುವುದರಲ್ಲಿ ನನ್ನ ಕೈ ಬಿಗಿ ಎಂದು ಊರಿಗೆಲ್ಲ ಗೊತ್ತಿತ್ತು. ಆ ಹೆಸರು ನನಗೇನೂ ಬೇಡವಾಗಿರಲಿಲ್ಲ. ಭಾಷೆ ಕಲಿಸುವವರು ಹುಡುಗನ ಅಕ್ಷರ ದುಂಡಗಿದೆಯೆಂದು ಒಂದೆರಡು ಮಾರ್ಕು ಏರಿಸಿಯಾರು. ಲೆಕ್ಕದಲ್ಲಿ ಅದೆಲ್ಲ ನಡೆಯುವುದಿಲ್ಲ.

ನನ್ನ ತರಗತಿಯಲ್ಲಿ ಭರಮಸಾಗರದ ಕಾಳಿನ ವ್ಯಾಪಾರಿಯೊಬ್ಬರ ಮಗನಿದ್ದ. ಹಣೆ ತುಂಬ ವಿಭೂತಿ, ಮಠದಲ್ಲಿ ಊಟ. ಅಪ್ಪನ ಗಾಡಿಗಳ ಜೊತೆ ಮಾರಿಕಣಿವೆಯ ಕೂಲಿಯವರಿಗೆ ರಾಗಿ ಸಾಗಿಸಲು ಹೋಗಿದ್ದಾಗ, ಓವರ್ಸಿಯರು ಸರಪಳಿ ಎಳೆಸಿ ನೆಲ ಅಳೆಯುವುದನ್ನು ನೋಡಿಕೊಂಡು ಬಂದಿದ್ದ. ಅಂದಿನಿಂದ ತಾನೂ ಓವರ್ಸಿಯರಾಗಬೇಕೆಂಬ ಹುಚ್ಚು ಹಿಡಿದಿತ್ತು. ಅಪ್ಪ ಮಾತ್ರ ಒಂದು ಸಲ ಫೇಲಾದರೆ ಅಂಗಡಿಗೆ ಬಂದು ಕೂರಬೇಕು ಎಂದು ಮೊದಲೇ ಹೇಳಿಬಿಟ್ಟಿದ್ದರು.

ರೇಖಾಗಣಿತದಲ್ಲಿ ಹುಡುಗ ಚುರುಕು. ಕಾಳಿನ ಲೆಕ್ಕ ಬಂದರೆ ಮಾತ್ರ ಎಡವುತ್ತಿದ್ದ. ಐದು ಖಂಡುಗ ರಾಗಿಯನ್ನು ಮನೆಗೆ ಎರಡೂವರೆ ಕೊಳಗದಂತೆ ಮಾರಿದರೆ ಎಷ್ಟು ಮನೆಗಾಗುತ್ತದೆ ಎಂದು ಕೇಳಿದ್ದೆ. ಖಂಡುಗಕ್ಕೆ ಇಪ್ಪತ್ತು ಕೊಳಗ, ಒಟ್ಟು ನೂರು, ಅಂದರೆ ನಲವತ್ತು ಮನೆ. ಅವನು ಮೂವತ್ತೊಂಬತ್ತು ಎಂದು ಬರೆದಿದ್ದ.

"ಲೇ, ಇನ್ನೊಂದು ಮನೆ ಎಲ್ಲಿಗೆ ಹೋಯ್ತೋ?"

"ನಲವತ್ತನೇ ಮನೆಗೆ ಸಾಲಂಗಿಲ್ರಿ ಮೇಷ್ಟ್ರೇ. ಕೊಸರು ಹಾಕ್ಬೇಕಲ್ರಿ."

ಕಾಳು ಅಳೆದು ಮುಗಿಸಿದ ಮೇಲೆ ಕೊಳ್ಳುವವರ ಚೀಲಕ್ಕೆ ಇನ್ನೊಂದು ಹಿಡಿ ಹಾಕುವುದೇ ಕೊಸರು. ನಮ್ಮ ಸೀಮೆಯಲ್ಲಿ ಅದನ್ನು ಹಾಕದ ಅಂಗಡಿಗೆ ಯಾರೂ ಎರಡನೆಯ ಸಲ ಕಾಲಿಡುತ್ತಿರಲಿಲ್ಲ. ಹುಡುಗ ಪ್ರತಿ ಮನೆಗೂ ಒಂದೊಂದು ಹಿಡಿ ಕಳೆಯುತ್ತ ಬಂದಿದ್ದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಪುಸ್ತಕದ ವ್ಯಾಪಾರಿ ಜಿಪುಣ, ಅವನು ಯಾರಿಗೂ ಕೊಸರು ಕೊಡುವುದಿಲ್ಲ ಎಂದು ಹೇಳಿದೆ. ಹುಡುಗ ತಲೆಯಾಡಿಸಿದ. ಆದರೆ ಮುಂದಿನ ಸಲವೂ ಅದೇ ತಪ್ಪು ಮಾಡಿದ. ಅಳತೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವನ ಕೈ ತಾನಾಗಿ ರಾಶಿಗೆ ಹೋಗುತ್ತಿತ್ತೆಂದು ಕಾಣುತ್ತದೆ.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಅಂಥದೇ ಒಂದು ಲೆಕ್ಕ ಬಂತು. ಅವನು ಮತ್ತೆ ಒಂದು ಮನೆ ಕಡಿಮೆ ಬರೆದ. ಆ ಲೆಕ್ಕಕ್ಕೆ ಸೊನ್ನೆ ಹಾಕಿ ಕೂಡಿಸಿದಾಗ ಪಾಸಾಗಲು ಎರಡು ಮಾರ್ಕು ಸಾಲದೆ ಹೋಯಿತು. ಮತ್ತೊಮ್ಮೆ ಕೂಡಿಸಿ ನೋಡಿದೆ. ಅಷ್ಟೇ ಬಂತು.

ಫಲಿತಾಂಶ ಹಚ್ಚಿದ ಮರುದಿನ ಅವನ ಅಪ್ಪ ಮನೆಗೆ ಬಂದರು. ಒಳಗೆ ಕರೆದರೂ ಬರದೆ ಜಗಲಿಯ ಅಂಚಿನಲ್ಲಿ ಕುಳಿತರು. ಹುಡುಗ ಬೀದಿಯಲ್ಲಿ ಗಾಡಿಯ ಪಕ್ಕ ನಿಂತಿದ್ದ, ಅವನ ಹಾಸಿಗೆಯ ಸುರುಳಿ ಆಗಲೇ ಗಾಡಿಯೊಳಗಿತ್ತು.

"ಎಷ್ಟಕ್ಕೆ ಹೋಗೈತ್ರಿ?"

"ಎರಡು ಮಾರ್ಕು."

"ಸಿಟ್ಟಾಗಬ್ಯಾಡ್ರಿ ಮೇಷ್ಟ್ರೇ, ತಿಳೀದೆ ಕೇಳ್ತೀನಿ. ನಿಮ್ಮ ಇಸ್ಕೂಲಾಗೆ ಕೊಸರು ಹಾಕಂಗಿಲ್ಲೇನ್ರಿ?" ಎಂದರು.

ಅವರು ವ್ಯಂಗ್ಯವಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು. ಇಲ್ಲ, ಒಬ್ಬನಿಗೆ ಹಾಕಿದರೆ ಎಲ್ಲರಿಗೂ ಹಾಕಬೇಕಾಗುತ್ತದೆ ಎಂದೆ. ಎಲ್ಲರಿಗೂ ಹಾಕುವುದೇ ಅವರ ಕಸುಬು ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ಅವರು ಕೈಮುಗಿದು ಎದ್ದರು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಹುಡುಗ ಸ್ಕೂಲಿನ ಕಡೆಗೇ ನೋಡುತ್ತಿದ್ದ. ಆದರೂ ಉತ್ತರ ತಪ್ಪೇ ಆಗಿತ್ತು, ಈಗಲೂ ಹಾಗೇ ಹೇಳುತ್ತೇನೆ.

ಕೆಲವು ವರ್ಷಗಳಾದ ಮೇಲೆ ಮನೆಯಲ್ಲಿ ತೊಗರಿ ಮುಗಿದು ದುರ್ಗದ ಸಂತೆಗೆ ಹೋಗಿದ್ದೆ. ಕಾಳಿನ ಸಾಲಿನಲ್ಲಿ ಅವನೇ ಕುಳಿತಿದ್ದ. ಮೀಸೆ ಬಂದಿತ್ತು. ನನ್ನನ್ನು ಕಂಡು ಎದ್ದು, "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಗೋಣಿ ಕೊಡವಿ ಹಾಸಿದ. ಓವರ್ಸಿಯರಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸೇರು ತುಂಬಿ ಅಂಗೈಯಿಂದ ಸಮ ಮಾಡಿ ಅಳೆಯತೊಡಗಿದ. ಒಂದು ಎನ್ನುವ ಕಡೆ ಎಲ್ಲ ವ್ಯಾಪಾರಿಗಳಂತೆ "ಲಾಭ" ಎಂದು ಶುರುಮಾಡಿ, ಎರಡು, ಮೂರು, ನಾಲ್ಕು ಎಂದು ಎಣಿಸಿ ನಿಲ್ಲಿಸಿದ.

ಆಮೇಲೆ ರಾಶಿಯಿಂದ ಒಂದು ಹಿಡಿ ತೊಗರಿ ತೆಗೆದ. ಕೈ ನನ್ನ ಚೀಲದ ಮೇಲೆ ಬಂದು ಹಾಗೇ ನಿಂತಿತು.

"ಹಾಕಲೇನ್ರಿ ಮೇಷ್ಟ್ರೇ?"

ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ.