ಒಂದು ಲಾರಿ ಹಣ್ಣು ವಾಪಸ್ಸು ಹೋದ ದಿನ

ಗೆದ್ದಳು ನನ್ನ ಮೊಮ್ಮಗಳು! ಕಲ್ಯಾಣದುರ್ಗದಲ್ಲಿ ಉಪ್ಪಿನಕಾಯಿ ಕಾರ್ಖಾನೆ ನಡೆಸೋ ಅಮ್ಮ ಒಬ್ಬರು ಮಧ್ಯಾಹ್ನ ಫೋನ್ ಮಾಡಿ, ಇನ್ನು ವರ್ಷವಿಡೀ ಹುಣಸೆಹಣ್ಣು ಅವಳು ನಡೆಸೋ ನಮ್ಮ ಶೆಡ್ಡಿಂದಲೇ ಬೇಕು ಅಂದುಬಿಟ್ಟರು. ಹಿಂದೂಪುರದ ಮಂಡಿಗಳಲ್ಲೆಲ್ಲ ನಮ್ಮದೇ ಚಿಕ್ಕದು. ಈ ಆರ್ಡರು ಸಿಗದಿದ್ದರೆ ಯುಗಾದಿಗೆ ಶೆಡ್ಡಿಗೆ ಬೀಗ ಬೀಳುತ್ತಿತ್ತು. ಅದನ್ನ ನೋಡೋಕೆ ಬಜಾರಿನವರು ಕಾಯ್ತಾ ಕೂತಿದ್ದರು. ಕಾಯಲಿ.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ನಲವತ್ತು ವರ್ಷ ಬೇರೆಯವರ ಮಂಡಿಗಳಲ್ಲಿ ಹುಣಸೆ ಬೀಜ ಬಿಡಿಸಿದ್ದೀನಿ. ಎಲ್ಲರಿಗೂ ಅದೇ ಮರ, ಅದೇ ಬಿಸಿಲು. ಆದರೂ ಒಬ್ಬನ ಮಂಡಿ ಏಳುತ್ತೆ, ಇನ್ನೊಬ್ಬನದು ಬೀಳುತ್ತೆ. ಯಾಕೆ ಅಂತ ಯಜಮಾನರು ದೇವರನ್ನ ಕೇಳ್ತಿದ್ದರು, ಜೋಯಿಸರನ್ನ ಕೇಳ್ತಿದ್ದರು. ನಮ್ಮನ್ನ ಮಾತ್ರ ಕೇಳಲಿಲ್ಲ. ಹೊಸ ಕೆಂಪು ಹಣ್ಣಿಗೆ ಹೋದ ವರ್ಷದ ಕರೀ ಹಣ್ಣು ಕಲೆಸಿದರೆ ಮೊದಲು ಗೊತ್ತಾಗೋದು ನಮ್ಮ ಬೆರಳಿಗೆ. ಒಂದ್ಸಲ ಹೇಳಿದ್ದಕ್ಕೆ, "ನೋರು ಮುಯ್ಯಿ, ಬೀಜ ತೆಗಿ" ಅಂತ ತೆಲುಗು ಬೆರೆಸಿ ಗದರಿ ಬಾಯಿ ಮುಚ್ಚಿಸಿದ್ದ ಒಬ್ಬ ಯಜಮಾನ.

ಶೆಡ್ಡು ತೆರೆದ ದಿನ ಮೊಮ್ಮಗಳು ಕೇಳಿದಳು, "ಅಜ್ಜಿ, ನೀನು ಯಜಮಾನಿ ಆಗಿದ್ರೆ ಏನ್ ಮಾಡ್ತಿದ್ದೆ?"

"ಬೀಜ ಬಿಡಿಸೋಳು ಬೇಡ ಅಂದ ಹಣ್ಣು ಒಳಕ್ಕೆ ಬಿಡ್ತಿರಲಿಲ್ಲ ಕಣಮ್ಮ."

ಅದನ್ನೇ ಕಾಯಿದೆ ಮಾಡಿಬಿಟ್ಟಳು.

ಹೋದ ತಿಂಗಳು, ಕಲ್ಯಾಣದುರ್ಗದ ಅಮ್ಮ ಪರೀಕ್ಷೆಗೆ ಅಂತ ಕೇಳಿದ್ದ ಮೊದಲ ಮಾಲು ಕಳಿಸೋಕೆ ಮೂರೇ ದಿನ ಉಳಿದಿತ್ತು. ಮೊದಲು ಆ ಅಮ್ಮನಿಗೆ ಮಾಲು ಹಾಕ್ತಿದ್ದ ದೊಡ್ಡ ಮಂಡಿಯವನು ಬೆಳುಗುಪ್ಪ ಕಡೆಯ ಹೊಸ ಹಣ್ಣು ಅಂತ ನಮಗೆ ಮಾರೋಕೆ ಒಂದು ಲಾರಿ ಕಳಿಸಿದ. ನಮ್ಮ ಕೆಲಸದ ಹೆಂಗಸೊಬ್ಬಳು ಒಂದು ಹಿಡಿ ಹಿಸುಕಿ ನೋಡಿ, "ಬೇಡ. ಹಳೇದು ಕಲೆಸವ್ರೆ" ಅಂದಳು.

ಅವನೇ ಓಡಿಬಂದ. "ಕೂಲಿಯವಳ ಮಾತು ಕೇಳ್ಕೊಂಡು ಯಾಪಾರ ಮಾಡ್ತೀಯೇನಮ್ಮ?"

"ಕೇಳದೆ ಮಾಡಿ ನೋಡಿದ್ರಲ್ಲ ಮಾವ. ಕಲ್ಯಾಣದುರ್ಗದೋರು ನಿಮ್ಮನ್ನ ಬಿಟ್ಟಿದ್ಯಾಕೆ?" ಅಂದಳು ಮೊಮ್ಮಗಳು.

ಲಾರಿ ವಾಪಸ್ಸು ಹೋಯ್ತು. ಉಳಿದ ಮೂಟೆ ಎರಡೆರಡು ಸಲ ಎಣಿಸಿದೆ ನಾನು, ಸುಳ್ಳು ಯಾಕೆ ಹೇಳಲಿ. ಒಳ್ಳೇ ಹಣ್ಣು ಇಷ್ಟೇ ಇರೋದು ಅಂತ ಹೇಳಿ ಅರ್ಧ ಮಾಲೇ ಕಳಿಸಿದೆವು.

"ಎಲ್ಲರೂ ಮೂಟೆ ತುಂಬಿಸಿ ಕಳಿಸ್ತಾರೆ. ಇಲ್ಲ ಅಂದೋರು ನೀವೊಬ್ಬರೇ," ಅಂದರಂತೆ ಇವತ್ತು ಆ ಅಮ್ಮ. ಜೋಯಿಸರು ಬರಕೊಳ್ಳಲಿ ಇದನ್ನ!

ಸಂಜೆ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಊಟಕ್ಕೆ ಕೂತೆವು. ಲಾರಿ ಹಣ್ಣು ಬೇಡ ಅಂದವಳನ್ನೂ ಕರೆದು ನನ್ನ ಪಕ್ಕ ಕೂರಿಸಿಕೊಂಡೆ. ಸೊಸೆ ಮುದ್ದೆ ಇಟ್ಟು ಹುಣಸೆ ಸಾರು ಬಿಟ್ಟಳು. ಆ ಹೆಂಗಸು ಬೆರಳದ್ದಿ, ಕಣ್ಣು ಮುಚ್ಚಿ ನೆಕ್ಕಿದಳು. ನಾವೆಲ್ಲ ತುತ್ತು ಮುಟ್ಟದೆ ಕಾದೆವು.

"ಒಳಕ್ಕೆ ಬಿಡಬೋದು," ಅಂದಳು.

ಆಮೇಲೆ ಉಂಡೆವು.