ನುಣುಪು ತಳದ ಟ್ರೇ

ಫಾರ್ಕರ್ ಮೆಕ್‌ರೇ ಪುಕ್ಕಲ ಎಂದು ಆ ಕಣಿವೆಯಲ್ಲಿ ನಗದವರಿಲ್ಲ. ನಗಲಿ ಬಿಡಿ, ನಗುವವರಿಗೇನು ಗಂಟು ಹೋಗುತ್ತದೆ? ಸ್ಕಾಟ್ಲೆಂಡಿನ ಹಿಮದ ಗುಡ್ಡದಲ್ಲಿ ಜಿಂಕೆ ಹೊಡೆದು ಕೆಳಗಿಳಿಸುವವನಿಗೆ ಹೆದರಿಕೆಯೇ ಇಲ್ಲವೆಂದರೆ ಅವನ ತಲೆ ನೆಟ್ಟಗಿಲ್ಲ ಎಂದೇ ಅರ್ಥ. ಫಾರ್ಕರ್ ಇಳಿಜಾರಿಗೆ ಹೆದರುತ್ತಿದ್ದ. ಹೆಂಡತಿ ಇಷ್ಬೆಲ್ ಜೊತೆಗಿದ್ದರಂತೂ ಇನ್ನೂ ಹೆಚ್ಚು. ಜಮೀನುದಾರನ ಬೇಟೆಗುಡ್ಡದ ಎಸ್ಟೇಟಿನ ಈ ಕೆಲಸಕ್ಕೆ ಅವರಿಬ್ಬರೂ ಜೋಡಿಯಾಗಿಯೇ ಹೋಗುತ್ತಿದ್ದರು.

ಆ ಚಳಿಗಾಲ ಸತ್ತ ಜಿಂಕೆ ಸಾಗಿಸಲು ಟ್ರೇ ಕೊಳ್ಳಲೇಬೇಕಾಯಿತು. ರಕ್ತ ಸೋರಿ ಜೀಪು ನಾರುತ್ತಿತ್ತು. ಕೊಳೆ ತಾಗಿದೆಯೆಂದು ಮಾಂಸದ ವ್ಯಾಪಾರಿ ಒಂದು ಜಿಂಕೆಯನ್ನು ವಾಪಸು ಕಳಿಸಿದ್ದ. ಅಂಗಡಿಯಲ್ಲಿದ್ದ ಸ್ಟೀಲಿನ ಟ್ರೇ ಅವರ ಕೈಗೆಟುಕುವಂತಿರಲಿಲ್ಲ. ಪ್ಲಾಸ್ಟಿಕ್ಕಿನವು ಎರಡಿದ್ದವು: ಒಂದರ ತಳದಲ್ಲಿ ದಪ್ಪ ಏಣುಗಳಿದ್ದವು, ಇನ್ನೊಂದು ಅದಕ್ಕಿಂತ ಅಗ್ಗ, ತಳ ಪೂರಾ ನುಣುಪು. ಫಾರ್ಕರ್ ಆ ತಳವನ್ನು ಸವರಿ ನೋಡಿದ.

"ಇದು ಜಾರತ್ತೆ ಕಣೆ."

"ಜೀಪಲ್ಲಿ ಇಡೋ ಟ್ರೇ ಎಲ್ಲಿಗೆ ಜಾರತ್ತೆ ಮಾರಾಯ? ನಿನಗೆ ಹಾಸಿಗೆ ಮೇಲೆ ಮಲಗೋಕೂ ಭಯ."

ಅಂಗಡಿಯವನೂ ನಕ್ಕುಬಿಟ್ಟ. ಹಾಳಾದ ನಗು! ಅಗ್ಗದ್ದೇ ಮನೆಗೆ ಬಂತು.

ಜನವರಿಯಲ್ಲಿ ಗುಡ್ಡದ ನೆತ್ತಿಯಲ್ಲಿ ಒಂದು ಹೆಣ್ಣು ಜಿಂಕೆ ಅವರ ಗುಂಡಿಗೆ ಬಿತ್ತು. ಹಿಮ ಗಟ್ಟಿಯಾಗಿತ್ತು. ಜೀಪಿನಲ್ಲಿದ್ದ ಟ್ರೇಯನ್ನು ಇಷ್ಬೆಲ್ ಮೇಲಕ್ಕೆ ಹೊತ್ತು ತಂದಿದ್ದಳು. "ಕೆಳಗಿನವರೆಗೂ ಟ್ರೇನಲ್ಲೇ ಎಳೆಯೋಣ, ಮಾಂಸ ಚೊಕ್ಕಟವಾಗಿರತ್ತೆ" ಎಂದಳು ಇಷ್ಬೆಲ್. ಬರಿಯ ಜಿಂಕೆಯನ್ನು ಇಳಿಸುವಾಗ ಒಬ್ಬರು ಹಗ್ಗವನ್ನು ಎದೆಗೆ ಸುತ್ತಿಕೊಂಡು ಮುಂದೆ ಎಳೆಯುತ್ತಾರೆ, ಇನ್ನೊಬ್ಬರು ಹಿಂದಿನ ಹಗ್ಗ ಹಿಡಿಯುತ್ತಾರೆ. ಕುರುಚಲು ಗಿಡಗಳು ತಡೆಯುವುದರಿಂದ ಜಿಂಕೆ ತಾನಾಗಿ ಓಡುವುದಿಲ್ಲ. ಇಬ್ಬರೂ ಆ ರೂಢಿಯಂತೆಯೇ ಟ್ರೇಗೂ ಹಗ್ಗ ಕಟ್ಟಿದರು: ಎದೆಗೆ ಸುತ್ತಿಕೊಂಡು ಇಷ್ಬೆಲ್ ಮುಂದೆ, ಫಾರ್ಕರ್ ಹಿಂದೆ. ಎಂಥ ಬುದ್ಧಿಗೇಡಿತನ! ಹಿಮದ ಮೇಲೆ ಆ ತಳವನ್ನು ತಡೆಯುವುದು ಯಾವುದು?

ಅರ್ಧ ಇಳಿಯುವಷ್ಟರಲ್ಲಿ ಮಂಜು ಕವಿಯಿತು. ಮುಂದಿದ್ದ ಇಷ್ಬೆಲ್ ಕಾಣದಾದಳು. ಆಗಲೇ ಟ್ರೇ ಸರ್ರನೆ ಹೊರಟಿತು. ಕೆಳಗೆ ಅವಳು ಧಪ್ಪೆಂದು ಬಿದ್ದ ಸದ್ದು. ಫಾರ್ಕರ್ ಬೋರಲು ಬಿದ್ದು ಬೂಟನ್ನು ಒಂದು ಬಂಡೆಗೆ ಸಿಕ್ಕಿಸಿದ. ಹಗ್ಗ ಬಿಗಿದು ನಿಂತಿತು. ಅದರ ಆಚೆ ಎಲ್ಲೋ ಪ್ರಪಾತದ ಅಂಚಿದೆಯೆಂದು ಅವನಿಗೆ ಗೊತ್ತಿತ್ತು.

"ಇಷ್ಬೆಲ್!"

"ಇದೀನಿ. ಹಗ್ಗ ಬಿಡು, ನಿನ್ನನ್ನೂ ಎಳ್ಕೊಂಡು ಹೋಗತ್ತೆ."

"ಎದೆ ಹಗ್ಗ ಬಿಚ್ಚಿದ್ಯಾ?"

"ಬಿಚ್ಚಿದೀನಿ. ಪಕ್ಕಕ್ಕೆ ಬಂದಿದೀನಿ. ಬಿಡು ಅಂದ್ನಲ್ಲ."

ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಅದೇ ಅವನನ್ನು ಹೆದರಿಸಿದ್ದು. ತನ್ನ ಪಕ್ಕೆಲುಬು ಮುರಿದ ದಿನವೂ ಇದೇ ದನಿಯಲ್ಲಿ "ಏನೂ ಆಗಿಲ್ಲ, ಟೀ ಕುಡಿ" ಎಂದವಳು ಅವಳು. ಎದೆಯ ಹಗ್ಗ ಇನ್ನೂ ಬಿಚ್ಚಿರದಿದ್ದರೆ, ತಾನು ಬಿಟ್ಟೊಡನೆ ಟ್ರೇ ಜೊತೆ ಅವಳೂ ಹೋಗಬಹುದು. ಬಿಡದಿದ್ದರೆ ತಾನೂ ಹೋಗಬಹುದು. ಬಂಡೆಯಿಂದ ಬೂಟು ತುಸುತುಸುವೇ ಜಾರುತ್ತಿತ್ತು. ಬೆರಳುಗಳು ಮರಗಟ್ಟಿದ್ದವು.

"ಬಿಡೋ, ಹೇಡಿ!"

"ಹೌದು, ಹೇಡಿನೇ. ನೀನು ಬಂದು ನನ್ನ ಮುಟ್ಟು, ಆಮೇಲೆ ಬಿಡ್ತೀನಿ."

ಗಾಳಿ ಬಿಟ್ಟರೆ ಏನೂ ಕೇಳಿಸಲಿಲ್ಲ. ಅವನು ದೇವರನ್ನು ಕರೆದ, ಅಮ್ಮನನ್ನು ಕರೆದ, ಮತ್ತೆ ಅವಳನ್ನೇ ಕರೆದ. ಬೂಟು ಇನ್ನೊಂದಿಷ್ಟು ಜಾರಿತು. ಆಗ ಪಕ್ಕದಿಂದ ಒಂದು ಕೈ ಬಂದು ಅವನ ಕಾಲರ್ ಹಿಡಿಯಿತು. ಫಾರ್ಕರ್ ಹಗ್ಗ ಬಿಟ್ಟ. ಟ್ರೇ ಹೋಯಿತು, ಜಿಂಕೆಯೂ ಹೋಯಿತು. ಬಹಳ ಹೊತ್ತಿನ ಮೇಲೆ ಎಲ್ಲೋ ಆಳದಲ್ಲಿ ಸದ್ದಾಯಿತು.

ಇಷ್ಬೆಲ್ ಅವನ ಪಕ್ಕದಲ್ಲೇ ಹಿಮದ ಮೇಲೆ ಕುಸಿದಳು. ಅವಳ ಕೋಟಿನ ಎದೆ ಚಾಕುವಿನಿಂದ ಹರಿದಿತ್ತು.

"ಬಿಚ್ಚಿದೀನಿ ಅಂದಾಗ ಬಿಚ್ಚಿರಲಿಲ್ಲ" ಎಂದಳು. "ಗಂಟು ಹೆಪ್ಪುಗಟ್ಟಿತ್ತು. ಚಾಕು ಕೈಗೆ ಸಿಗೋಕೆ ಹೊತ್ತಾಯ್ತು."

"ಗೊತ್ತು" ಎಂದ ಫಾರ್ಕರ್. ಅವನ ಹಲ್ಲುಗಳು ಕಟಕಟಿಸುತ್ತಿದ್ದವು.

ಇಷ್ಬೆಲ್ ಆಗ ಅತ್ತಳು. ಅವಳು ಅತ್ತದ್ದನ್ನು ಅವನು ಅದೇ ಮೊದಲು ಕಂಡದ್ದು.